ಒಂದೇ ನೋಟ್‌ಬುಕ್ಕಿನ ಎಂಟನೇ ಬಿ

ಮೊದಲ ತಪ್ಪು ನನ್ನದೇ. ಅದನ್ನು ಮುಂಚೆಯೇ ಹೇಳಿಬಿಟ್ಟರೆ ಉಳಿದದ್ದನ್ನು ತಲೆಯೆತ್ತಿ ಬರೆಯಬಹುದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಳಸದಿಂದ ಸಂಸೆ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಸರ್ಕಾರಿ ಹೈಸ್ಕೂಲಿಗೆ ಗಣಿತದ ಟೀಚರಾಗಿ ಆ ಜೂನ್‌ನಲ್ಲಿ ಹೋದೆ. ನನ್ನೂರು ವಸ್ತಾರೆ ಹತ್ತಿರ. ಅಲ್ಲಿಯೂ ಮಳೆ ಬರುತ್ತದೆ, ಆದರೆ ನಡುವೆ ಬಟ್ಟೆ ಒಣಗಿಸಿಕೊಳ್ಳುವಷ್ಟಾದರೂ ಬಿಡುವು ಕೊಡುತ್ತದೆ. ಇಲ್ಲಿ ಆ ಮರ್ಯಾದೆಯೂ ಇರಲಿಲ್ಲ.

ನನಗೆ ಎಂಟನೇ ಬಿ ಸೆಕ್ಷನ್ನಿನ ಕ್ಲಾಸ್ ಟೀಚರ್ ಕೆಲಸ ಬಂತು. ಹೊಸಬರಿಗೆ ಬಿ ಕೊಡುವುದು ಅಲ್ಲಿಯ ಪದ್ಧತಿ. ಪೇಟೆಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಬಂದವರು ಎ. ಗುಡ್ಡದ ಮೇಲಿನ ಸಣ್ಣ ಶಾಲೆಗಳಿಂದ, ಕಾಫಿ ಎಸ್ಟೇಟಿನ ಆಳುಗಳ ಸಾಲುಮನೆಗಳಿಂದ, ಅಂದರೆ ಲೈನುಗಳಿಂದ ಬಂದವರು ಬಿ. ಹೆಡ್ಮಾಸ್ಟರು ಹಾಜರಿ ಪುಸ್ತಕವನ್ನು ಕೈಗಿಟ್ಟು, “ಜಾಸ್ತಿ ತಲೆ ಕೆಡಿಸ್ಕಬೇಡಿ ಟೀಚರ್. ದಸರಾ ರಜ ಮುಗಿಯೋ ಹೊತ್ತಿಗೆ ಅರ್ಧ ಕ್ಲಾಸು ತಾನಾಗೇ ಖಾಲಿ ಆಗ್ತದೆ. ವರ್ಷಾ ವರ್ಷಾ ಆಗೂದೇ” ಎಂದರು. ಅವರೇನೂ ಕೆಟ್ಟವರಲ್ಲ. ನಾಳೆ ಮಳೆ ಬರುತ್ತದೆ ಎಂದು ಹೇಳುವ ಧ್ವನಿಯಲ್ಲಿಯೇ ಅದನ್ನೂ ಹೇಳಿದರು. ನನಗೆ ಸಿಟ್ಟು ಬಂದದ್ದು ಆ ಧ್ವನಿಗೆ.

ಹೈಸ್ಕೂಲಿಗೆ ಬರುವುದೆಂದರೆ ಆ ಮಕ್ಕಳಿಗೆ ಏನು ಎಂಬುದು ಮೊದಲ ಸೋಮವಾರವೇ ಕಂಡಿತು. ಅವರ ಹಳೆಯ ಶಾಲೆಗಳಲ್ಲಿ ದಿನವಿಡೀ ಒಬ್ಬರೇ ಮೇಷ್ಟ್ರು, ಒಂದೇ ಕೋಣೆ. ಬೆಲ್ಲು ಎರಡು ಸಲ, ಬಂದಾಗ ಮತ್ತು ಹೋಗುವಾಗ. ಇಲ್ಲಿ ಮೊದಲ ಪಿರಿಯಡ್ ಮುಗಿದು ಬೆಲ್ಲು ಹೊಡೆದದ್ದೇ ತಡ, ಹಿಂದಿನ ಮೂರು ಬೆಂಚಿನವರು ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಸಾಲಾಗಿ ನಿಂತರು. ಎ ಸೆಕ್ಷನ್ನಿನವರು ಕಿಟಕಿಗೆ ಜೋತುಬಿದ್ದು ನಕ್ಕರು. ನಾನೂ ನಕ್ಕೆ. ನಲವತ್ತು ನಿಮಿಷಕ್ಕೊಮ್ಮೆ ಮುಖ ಬದಲಾಗುವುದು, ಪ್ರತಿ ಮುಖಕ್ಕೂ ಒಂದು ಬೇರೆ ಸಿಟ್ಟು ಇರುವುದು, ಯಾರನ್ನು ಏನು ಕೇಳಬೇಕೆಂದು ಗೊತ್ತಾಗದಿರುವುದು, ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಅದು ಆಮೇಲೆ ಹೊಳೆಯಿತು.

ಇನ್ನು ನೋಟ್‌ಬುಕ್ಕುಗಳ ನಿಯಮ. ಆರು ವಿಷಯ, ಪ್ರತಿಯೊಂದಕ್ಕೂ ಕ್ಲಾಸಿಗೊಂದು, ಮನೆಪಾಠಕ್ಕೊಂದು. ಒಟ್ಟು ಹನ್ನೆರಡು. ಕಂದು ರಟ್ಟಿನ ಬೈಂಡು, ಲೇಬಲ್ಲು, ಶನಿವಾರಕ್ಕೊಮ್ಮೆ ತಿದ್ದಿ ಸಹಿ ಹಾಕಿ ನಮ್ಮ ಡೈರಿಯಲ್ಲಿ ಬರೆಯಬೇಕು. ಮೂಗಿಗಿಂತ ಮೂಗುತಿ ಭಾರ, ಆದರೂ ನಿಯಮ ನಿಯಮವೇ. ಎರಡನೇ ವಾರ ಹೆಡ್ಮಾಸ್ಟರು ನನ್ನ ಡೈರಿ ನೋಡಿ, ಬಿ ಸೆಕ್ಷನ್ನಿನ ತಿದ್ದುಪಡಿ ಯಾಕೆ ಖಾಲಿ ಎಂದು ಎಲ್ಲರೆದುರೇ ಕೇಳಿದರು. ಆ ಸಿಟ್ಟನ್ನು ಹೊತ್ತುಕೊಂಡೇ ಕ್ಲಾಸಿಗೆ ಹೋದೆ.

ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಎಲ್ಲಕ್ಕಿಂತ ಮೇಲಿನ ಎಸ್ಟೇಟಿನ ಲೈನಿನವಳು. ಅವಳ ಹತ್ತಿರ ಇದ್ದದ್ದು ಇನ್ನೂರು ಪುಟದ ಒಂದೇ ನೋಟ್‌ಬುಕ್ಕು. ತೆರೆದು ನೋಡಿದರೆ ಕನ್ನಡದ ಕೆಳಗೆ ಗಣಿತ, ಗಣಿತದ ಕೆಳಗೆ ಹಿಂದಿ. ನಾನು ಏನು, ಎಂತು ಎಂದು ಕೇಳಲಿಲ್ಲ. ಕೆಂಪು ಪೆನ್ನು ತೆಗೆದು ಪುಟದ ಅಡ್ಡಕ್ಕೆ ಬರೆದೆ: “ವಿಷಯವಾರು ನೋಟ್‌ಬುಕ್ ತರುವವರೆಗೆ ಕ್ಲಾಸಿಗೆ ಬರಬೇಡ.” ಕೆಳಗೆ ಸಹಿ, ತಾರೀಕು. ಅವಳು ಎರಡು ಸಲ ಓದಿದಳು. “ಆಯ್ತು ಟೀಚರ್” ಎಂದು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವಳ ಜೊತೆ ಅದೇ ಲೈನಿನ ಇನ್ನೂ ನಾಲ್ವರು ಮಾಯ. ದಾರಿಯಲ್ಲಿ ಹಳ್ಳಕ್ಕೆ ಹಾಕಿದ ಮರದ ಸಂಕವನ್ನು ಇವಳು ಮುಂದೆ ನಿಂತು ಒಬ್ಬೊಬ್ಬರನ್ನೇ ದಾಟಿಸುತ್ತಿದ್ದಳಂತೆ. ಮುಂದೆ ನಿಲ್ಲುವವಳೇ ಇಲ್ಲದ ಮೇಲೆ ಹಿಂದಿನವರನ್ನು ಮನೆಯವರು ಕಳಿಸಲಿಲ್ಲ. ಹದಿನೈದು ದಿನ ಬಾರದಿದ್ದರೆ ಹೆಸರು ಹೊಡೆದುಹಾಕುವುದು ನಮ್ಮ ಶಾಲೆಯ ರೂಢಿ. ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮೇಷ್ಟ್ರು ಟೀ ಹೀರುತ್ತಾ, “ಎಂತ ಟೀಚರ್, ನಿಮ್ಮ ಕ್ಲಾಸಿಗೆ ಈ ಸಲ ದಸರಾ ಜೂನಲ್ಲೇ ಬಂತಲ್ಲ!” ಎಂದರು. ಎಲ್ಲರೂ ನಕ್ಕರು. ಐದು ಮಕ್ಕಳನ್ನು ಕಳಿಸಿದ್ದು ಮಳೆಯಲ್ಲ, ಬಡತನವಲ್ಲ, ನನ್ನ ಒಂದು ಸಾಲು ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕವನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಮನೆಯವರಿಗೆ ಗೈರುಹಾಜರಿ ತೋರಿಸಿ ಹೆದರಿಸೋಣ ಎಂಬ ಬುದ್ಧಿವಂತಿಕೆ. ಆ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಸಾಬ್ರು ಹತ್ತಿಸಿಕೊಂಡರು. ಅರ್ಧ ಗುಡ್ಡದಲ್ಲಿ ಜೀಪು ನಿಂತಿತು. “ಇಲ್ಲಿಂದ ಮೇಲೆ ಗಾಡಿ ಹೋಗಲ್ಲ ಟೀಚರಮ್ಮ. ಮಕ್ಕಳು ದಿನಾ ನಡೆಯೂದು ಇದೇ ದಾರೀಲಿ. ನೀವೂ ಒಂದ್ಸಲ ನಡೀರಿ, ಎಂತ ಆಗಲ್ಲ” ಎಂದರು. ಅದರಲ್ಲಿ ಒಂದು ಚೂರು ಕೊಂಕು ಇತ್ತೆಂದು ಈಗಲೂ ನನ್ನ ಅನುಮಾನ.

ಕೊಡೆ ಮೊದಲ ತಿರುವಿನಲ್ಲೇ ಮಗುಚಿತು. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿ ರಕ್ತ ಸೋರುತ್ತಿತ್ತು. ಸಂಕದ ಮೇಲೆ ನಾನು ಕೂತುಕೊಂಡು, ತೆವಳಿಕೊಂಡು ದಾಟಿದೆ. ಲೈನು ಮುಟ್ಟಿ, ಆ ಹುಡುಗಿಯ ಮನೆಯ ಒಲೆಯ ಮುಂದೆ ಕೂತು, ಗತ್ತಿನಿಂದ ಹಾಜರಿ ಪುಸ್ತಕ ಹೊರಗೆ ತೆಗೆದೆ. ಚೀಲ ಹಿಂಡುವಷ್ಟು ನೀರು. ಒಳಗೆ ಎಂಟನೇ ಬಿ ಇರಲೇ ಇಲ್ಲ. ಶಾಯಿಯಲ್ಲಿ ಬರೆದ ಅಷ್ಟೂ ಹೆಸರು ಕರಗಿ ಒಂದರೊಳಗೊಂದು ಸೇರಿ ಪುಟವೆಲ್ಲ ನೀಲಿಯಾಗಿತ್ತು.

ಹುಡುಗಿ ಅದನ್ನು ನನ್ನ ಕೈಯಿಂದ ಮೆಲ್ಲಗೆ ತಗೊಂಡು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟಳು. ಆಮೇಲೆ ಟ್ರಂಕು ತೆರೆದು ನಾಲ್ಕು ನೋಟ್‌ಬುಕ್ಕು ತಂದು ಮುಂದಿಟ್ಟಳು. ನಾಲ್ಕೂ ಊದಿಕೊಂಡು, ಹಾಳೆಗೆ ಹಾಳೆ ಅಂಟಿ, ತೆರೆಯಲು ಬಾರದಂತಿದ್ದವು.

“ಹನ್ನೆರಡೂ ಇದಾವೆ ಟೀಚರ್. ಮೊದಲ್ನೇ ದಿನ ನಾಲ್ಕು ತಂದಿದ್ದೆ. ಹಿಂಗಾದ್ವು.” ತನ್ನ ಇನ್ನೂರು ಪುಟದ ಪುಸ್ತಕವನ್ನು ತಂದಳು. ಅದು ಗರಿಗರಿಯಾಗಿತ್ತು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ, ಬಾಯಿಯನ್ನು ಎರಡು ಸಲ ಮಡಚಿ ದಾರ ಕಟ್ಟಿದ್ದಳು. “ಒಂದು ಪುಸ್ತಕ ಆದ್ರೆ ಬಾಯಿ ಮಡಚ್ಬೋದು. ಎರಡು ಹಾಕಿದ್ರೆ ಮಡಚಕ್ಕಾಗಲ್ಲ, ನೀರು ಹೋಗ್ತದೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅವಳಮ್ಮ ಕಪ್ಪು ಕಾಫಿ ತಂದು ಕೊಟ್ಟರು. “ನಾವು ಎಂತ ಮಾಡೂದು ಹೇಳಿ ಟೀಚರ್? ಹೊಸ ತೋಟಕ್ಕೆ ಸಸಿ ನೆಡ್ತಿದಾರೆ. ಸಸಿ ಹೊರೂದಕ್ಕೆ ಸೋಮವಾರದಿಂದ ಬರ್ಲಿ ಅಂತ ಮೇಸ್ತ್ರಿ ಹೇಳಿ ಹೋಗಿದಾರೆ. ಸುಮ್ನೆ ಮನೇಲಿ ಕೂತ್ಕಂಡು ಇವಳಾದ್ರೂ ಎಂತ ಮಾಡ್ತಾಳೆ?” ಒಮ್ಮೆ ಸಸಿ ಹೊರಲು ಹೋದವರು ಮತ್ತೆ ಬೆಂಚಿಗೆ ಬಂದದ್ದನ್ನು ನಾನಂತೂ ಯಾರ ಬಾಯಲ್ಲೂ ಕೇಳಿರಲಿಲ್ಲ. “ಸೋಮವಾರ ಶಾಲೆಗೆ ಬಾ” ಎಂದೆ. ಹುಡುಗಿ ಅಲ್ಲಾಡಲಿಲ್ಲ.

“ಬರ್ಬೇಡ ಅಂತ ಬರ್ದು ಕೊಟ್ಟಿದೀರಿ ಟೀಚರ್. ಬಾ ಅಂತಾನೂ ಬರ್ದು ಕೊಡಿ.”

ಸೊಕ್ಕಲ್ಲ, ಕೋಪವೂ ಅಲ್ಲ. ನ್ಯಾಯ ಕೇಳುತ್ತಿದ್ದಳು. ನನಗೆ ನಾಚಿಕೆಯಾಯಿತು, ಜೊತೆಗೆ ಎಲ್ಲಿಲ್ಲದ ಖುಷಿಯೂ ಆಯಿತು. ಕೆಂಪು ಸಾಲಿನ ಕೆಳಗೆ ಬರೆದೆ: “ಸೋಮವಾರದಿಂದ ಬಾ. ಇದೇ ಪುಸ್ತಕ ತಾ.” ಸಹಿ ಹಾಕಿ ತಾರೀಕು ಬರೆದೆ. ನಂತರ ಪುಟ ತಿರುವಿದೆ. ಅವಳು ಪಾಠವನ್ನಷ್ಟೇ ಬರೆದಿರಲಿಲ್ಲ, ದಿನ ನಡೆದ ಹಾಗೆ ನಡೆದದ್ದನ್ನೆಲ್ಲ ಬರೆದಿದ್ದಳು. “ಒಂದನೇ ಬೆಲ್ಲು: ಕನ್ನಡ. ಪದ್ಯ. ಚೆನ್ನಾಗಿತ್ತು. ಎರಡನೇ ಬೆಲ್ಲು: ಗಣಿತ. ಎ ಅಂದರೆ ಎಷ್ಟು ಅಂತ ಟೀಚರ್ ಹೇಳಲೇ ಇಲ್ಲ. ನಾಲ್ಕನೇ ಬೆಲ್ಲು: ಇಂಗ್ಲಿಷ್. ಸಾರ್ ಬರಲಿಲ್ಲ.”

ಎರಡು ವಾರದಿಂದ ಬೋರ್ಡಿನ ಮೇಲೆ ಬೀಜಗಣಿತದ ಮೂರು ಎ, ಐದು ಎ ಎಂದು ಗೀಚುತ್ತಿದ್ದೆ. ಮಕ್ಕಳು ತಲೆಯಾಡಿಸುತ್ತಿದ್ದರು. ಎ ಅಂದರೆ ಎಷ್ಟು ಎಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಕೇಳಿದ್ದು ಈ ಪುಸ್ತಕ ಮಾತ್ರ.

ಸೋಮವಾರ ಐವರೂ ಬಂದರು. ನಾನು ಕ್ಲಾಸಿಗೆ ಹೇಳಿದೆ: ಮಳೆ ನಿಲ್ಲುವವರೆಗೆ ಎಂಟನೇ ಬಿಗೆ ಒಂದೇ ನೋಟ್‌ಬುಕ್ಕು. ಪ್ರತಿ ಪಿರಿಯಡ್ಡಿಗೂ ಹೊಸ ಹಾಳೆ. ಒಂದು ಹಾಳೆಯ ಎರಡೂ ಬದಿಗೆ ಒಂದೇ ವಿಷಯ, ಮೂಲೆಯಲ್ಲಿ ವಿಷಯದ ಮೊದಲ ಅಕ್ಷರ. ಕೆಳಗೆ ಗೆರೆ ಎಳೆದು ಅರ್ಥವಾಗದ್ದನ್ನು ಬರೆಯಬೇಕು. ಮಳೆ ನಿಂತ ಮೇಲೆ ಹೊಲಿಗೆ ಬಿಚ್ಚಿ, ಹಾಳೆಗಳನ್ನು ವಿಷಯವಾರು ಜೋಡಿಸಿ ಮತ್ತೆ ಹೊಲಿಯುವುದು. ಪ್ಲಾಸ್ಟಿಕ್ಕಿಗೆ ಸಾಬ್ರು ಸಿಕ್ಕಿದರು. ಎಸ್ಟೇಟುಗಳಿಂದ ಗೊಬ್ಬರದ ಖಾಲಿ ಚೀಲಗಳ ಒಳಪದರ ಸುರುಳಿ ಸುತ್ತಿ ತಂದುಕೊಟ್ಟರು. ಬಾಯಿ ಮಡಚುವುದನ್ನು ಆ ಹುಡುಗಿ ಮುಂದೆ ನಿಂತು ಕಲಿಸಿದಳು. ಕೊನೆಯ ಪಿರಿಯಡ್ಡಿನ ಕೊನೆಗೆ ಹತ್ತು ನಿಮಿಷ, ಬೆಳಗಿನಿಂದ ಬರೆದದ್ದನ್ನು ತಿರುಗಿ ಓದುವ ಕೆಲಸ.

ಮೊದಲ ವಾರ ಎಲ್ಲರೂ ಗೆರೆಯ ಕೆಳಗೆ ಬರೆದದ್ದು ಒಂದೇ ಮಾತು: “ಎಲ್ಲಾ ಅರ್ಥ ಆಯ್ತು.” ನಾನು ಹಲ್ಲು ಕಚ್ಚಿಕೊಂಡೆ. ಗೊತ್ತಿಲ್ಲ ಎಂದರೆ ಬೈಗಳು ಎಂಬುದನ್ನು ಅವರಿಗೆ ಕಲಿಸಿದವರು ನಾವೇ. ಕೊನೆಗೆ ಒಂದು ದಿನ ಬೋರ್ಡಿನಲ್ಲಿ ಗೆರೆ ಎಳೆದು ನನ್ನದನ್ನು ಬರೆದೆ: “ಸಸಿ ಹೊರುವಾಗ ಬೇರಿನ ಮಣ್ಣು ಉದುರದ ಹಾಗೆ ಹೇಗೆ ಹಿಡಿಯುತ್ತಾರೆ? ಟೀಚರಿಗೆ ಅರ್ಥ ಆಗಿಲ್ಲ.” ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, “ಕುತ್ತಿಗೆ ಹಿಡೀಬಾರ್ದು ಟೀಚರ್, ಬುಡಕ್ಕೆ ಕೈ ಕೊಡ್ಬೇಕು” ಎಂದ. ಇನ್ನೊಬ್ಬಳು, “ಹಂಗಲ್ಲ ಮಾರಾಯ, ಕುಕ್ಕೇಲಿ ಒತ್ತಿ ಜೋಡಿಸ್ಬೇಕು” ಎಂದಳು. ಕ್ಲಾಸು ಸಂತೆಯಾಯಿತು. ನಾನು ಕೇಳಿ ಬರೆದುಕೊಂಡೆ. ಅವತ್ತು ಸಂಜೆಯ ಪುಸ್ತಕಗಳಲ್ಲಿ ಪ್ರಶ್ನೆಗಳು ಬಂದವು. ಹಿಂದಿಯ ಅಕ್ಷರಕ್ಕೆ ಮೇಲೆ ಗೆರೆ ಯಾಕೆ. ಪಿ.ಟಿ. ಮೇಷ್ಟ್ರು ಯಾವಾಗಲೂ ಸಿಟ್ಟಿನಲ್ಲಿರುವುದು ಯಾಕೆ. ಎ ಅಂದರೆ ಎಷ್ಟು.

ಎ ಅಂದರೆ ಬಾಯಿ ಹೊಲಿದ ಮೂಟೆ ಎಂದೆ. ಒಳಗೆ ಎಷ್ಟು ಕಾಫಿ ಇದೆಯೋ ನಮಗೆ ಗೊತ್ತಿಲ್ಲ. ಆದರೆ ಎರಡು ಮೂಟೆಯ ಜೊತೆಗೆ ಮೂರು ಮೂಟೆ ಇಟ್ಟರೆ ಐದು ಮೂಟೆ ಎನ್ನಲು ಬಿಚ್ಚಿ ನೋಡಬೇಕಾಗಿಲ್ಲ. ಹುಡುಗಿ ತಲೆಯೆತ್ತಿ, “ಅಷ್ಟೇನಾ?” ಎಂದಳು. ಅಷ್ಟೇ ಆಗಿತ್ತು.

ಬೇರೆ ವಿಷಯದ ಪ್ರಶ್ನೆಗಳನ್ನು ನಾನು ದಿನಾ ಸ್ಟಾಫ್ ರೂಮಿಗೆ ಒಯ್ಯತೊಡಗಿದೆ. ಕನ್ನಡದವರು ಉತ್ತರ ಹೇಳಿದರು, ಹಿಂದಿಯವರು ಗೊಣಗಿದರು. ಇಂಗ್ಲಿಷ್ ಮೇಷ್ಟ್ರ ಕೈಗೆ ಒಂದು ಪುಸ್ತಕ ಸಿಕ್ಕಿತು. ನಾಲ್ಕನೇ ಬೆಲ್ಲು, ಸಾರ್ ಬರಲಿಲ್ಲ. ಇನ್ನೊಂದು ತೆರೆದರೆ ಅದರಲ್ಲೂ ಅದೇ. ಅವರ ಮುಖ ಕೆಂಪಾಯಿತು. “ಮಕ್ಕಳ ಕೈಲಿ ನಮ್ಮ ಮೇಲೆ ಪತ್ತೇದಾರಿಕೆ ಮಾಡಿಸ್ತೀರಾ?” ಎಂದು ಕೂಗಾಡಿದರು. ಹೆಡ್ಮಾಸ್ಟರು ಕರೆಸಿದರು. ಅವರ ಮೇಜಿನ ಮೇಲೆ ಆ ನೀಲಿ ಹಾಜರಿ ಪುಸ್ತಕವೂ ಇತ್ತು.

“ಊರಿಗೆ ಒಂದು ದಾರಿ ಆದ್ರೆ ಪೋರನಿಗೆ ಒಂದು ದಾರಿ ಅಂದಂಗಾಯ್ತು ನಿಮ್ಮದು. ಇದನ್ನ ನಿಲ್ಲಿಸ್ಬಿಡಿ ಟೀಚರ್.”

ಆ ಹುಡುಗಿ ಒಲೆಯ ಮುಂದೆ ನಿಂತದ್ದು ಕಣ್ಣಿಗೆ ಬಂತು. “ನಿಲ್ಲಿಸ್ತೀನಿ ಸಾರ್. ಬರ್ದು ಕೊಡಿ.”

“ಎಂತದು?”

“ಹನ್ನೆರಡು ಪುಸ್ತಕ ಇಲ್ಲದ ಮಕ್ಕಳನ್ನ ಈ ಮಳೆಯಲ್ಲಿ ಕ್ಲಾಸಿಂದ ಹೊರಗೆ ಹಾಕಿ ಅಂತ ನಿಮ್ಮ ಸಹಿ ಹಾಕಿ ಬರ್ದು ಕೊಡಿ. ಈಗಿಂದೀಗಲೇ ನಿಲ್ಲಿಸ್ತೀನಿ.”

ಅವರು ಪೆನ್ನಿನ ಮುಚ್ಚಳ ತೆಗೆದರು, ನನ್ನನ್ನು ನೋಡಿದರು, ಮತ್ತೆ ಹಾಕಿದರು. ಬರೆದು ಕೊಡಲಿಲ್ಲ. ಹಾಜರಿ ಪುಸ್ತಕ ಹಾಳಾದದ್ದಕ್ಕೆ ಮಾತ್ರ ನನ್ನಿಂದ ಬರೆಸಿಕೊಂಡರು. “ಬಾರದ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋದಾಗ ನೆನೆದಿದೆ” ಎಂದು ಬರೆದುಕೊಟ್ಟು, ಹೊಸ ಪುಸ್ತಕಕ್ಕೆ ಎಲ್ಲರ ಹೆಸರನ್ನೂ ಬಾಲ್ ಪೆನ್ನಿನಲ್ಲಿ ಇಳಿಸಿದೆ. ಮಾರನೆಯ ದಿನ ನಾಲ್ಕನೇ ಬೆಲ್ಲಿಗೆ ಇಂಗ್ಲಿಷ್ ಮೇಷ್ಟ್ರು ಬಾಗಿಲಲ್ಲಿ ನಿಂತು, “ಬಂದಿದೀನಿ. ಬರ್ಕೊಳ್ರಪ್ಪ!” ಎಂದರಂತೆ. ಮಕ್ಕಳು ಭಯಭಕ್ತಿಯಿಂದ ಬರೆದುಕೊಂಡರು. ಹಟಕ್ಕೋ ಏನೋ, ಆಮೇಲೆ ಅವರು ತಪ್ಪಿಸಿದ್ದು ಕಡಿಮೆ.

ಆಗಸ್ಟ್ ಕೊನೆಗೆ ಚಿಕ್ಕಮಗಳೂರಿನಿಂದ ಇನ್‌ಸ್ಪೆಕ್ಟರು ಬರುವ ಸುದ್ದಿ ಬಂತು. ಹಿಂದಿನ ದಿನ ಹೆಡ್ಮಾಸ್ಟರೇ ಕ್ಲಾಸಿಗೆ ಬಂದು ಆ ಹುಡುಗಿಯ ಪುಸ್ತಕ ನೋಡಿದರು. “ಈ ಕೆಂಪು ಬರಹ ಇರೋ ಹಾಳೆ ಒಂದಾದ್ರೂ ಹರೀರಿ. ನಿಮ್ಮ ಒಳ್ಳೇದಕ್ಕೇ ಹೇಳೂದು.”

“ಇದನ್ನ ಹರಿದ್ರೆ ಜೋಡಿ ಹಾಳೇನೂ ಉದುರ್ತದೆ ಸಾರ್. ಅದರಲ್ಲಿ ವಿಜ್ಞಾನ ಇದೆ” ಎಂದೆ. ಹರಿಯಲಿಲ್ಲ. ನಾನು ಬರೆದದ್ದು ಅಲ್ಲಿ ಇರಬೇಕು ಅನ್ನಿಸಿತ್ತು.

ಇನ್‌ಸ್ಪೆಕ್ಟರು ಮೂರನೇ ಪಿರಿಯಡ್ಡಿಗೆ ಬಂದರು. ಅಂದು ಅದು ನನ್ನದು. ಮೊದಲ ಬೆಂಚಿನ ಪುಸ್ತಕ ನೋಡಿದರು, ಎರಡನೇ ಬೆಂಚಿನದು ನೋಡಿದರು. “ಇದೇನ್ರೀ ಕಲಸುಮೇಲೋಗರ? ವಿಷಯವಾರು ಪುಸ್ತಕ ಎಲ್ಲಿ?” ಎಂದರು. ಮಳೆ, ಪ್ಲಾಸ್ಟಿಕ್ಕು, ಹಾಳೆಯ ಲೆಕ್ಕಾಚಾರ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಳ್ಳುತ್ತಾ ಕಿಟಕಿ ಪಕ್ಕದ ಬೆಂಚಿಗೆ ಹೋದರು. ಹುಡುಗಿ ಎದ್ದು ನಿಂತು ತನ್ನ ಪುಸ್ತಕ ಕೊಟ್ಟಳು. ಅವರ ಬೆರಳು ಕೆಂಪು ಸಾಲಿನ ಮೇಲೆ ನಿಂತಿತು.

“ಇದು ಯಾರ ಸಹಿ?”

“ನನ್ನದೇ ಸಾರ್.”

“ಕೆಳಗಿನದು?”

“ಅದೂ ನನ್ನದೇ.”

“ಬರಬೇಡ ಅಂತಲೂ ನೀವೇ, ಬಾ ಅಂತಲೂ ನೀವೇ. ಎರಡರಲ್ಲಿ ಯಾವುದ್ರೀ ಸರಿ?”

“ಮೇಲಿನದು ನಿಯಮ ಸಾರ್. ಕೆಳಗಿನದು ತಿದ್ದುಪಡಿ.”

ಅವರಿಗೆ ಅದು ಉದ್ಧಟತನವಾಗಿ ಕಂಡಿತು. ಮಕ್ಕಳ ಮುಂದೆಯೇ ಬೈದರು. ಇಲಾಖೆ ಎಂದರೆ ನಿಮ್ಮ ಅಡುಗೆಮನೆ ಅಲ್ಲ ಎಂದರು. ನಾನು ತಲೆ ತಗ್ಗಿಸಲಿಲ್ಲ. ತಪಾಸಣೆ ಪುಸ್ತಕದಲ್ಲಿ ನನ್ನಿಂದ ವಿವರಣೆ ಪಡೆಯುವಂತೆ ಬರೆದು ಹೋದರು. ನೋಟಿಸು ಬಂತು. ಇರುವುದನ್ನು ಇರುವ ಹಾಗೆ ಬರೆದು, ಕೊನೆಗೆ “ಮಳೆ ನಿಂತ ಮೇಲೆ ವಿಷಯವಾರು ಮಾಡಲಾಗುವುದು, ಅಲ್ಲಿಯವರೆಗೆ ಈ ಕ್ರಮವನ್ನೇ ಮುಂದುವರಿಸಲಾಗುವುದು” ಎಂದು ಸೇರಿಸಿದೆ. ಕ್ಷಮೆ ಕೇಳಿ ಒಂದು ಸಾಲು ಹಾಕಿ ಎಂದು ಹೆಡ್ಮಾಸ್ಟರು ಬೇಡಿಕೊಂಡರು. ನಾನು ಕ್ಷಮೆ ಕೇಳಬೇಕಾದವಳು ಎಂಟನೇ ಬಿಯಲ್ಲಿ ಕೂತಿದ್ದಾಳೆ, ಚಿಕ್ಕಮಗಳೂರಲ್ಲಿ ಅಲ್ಲ ಎಂದೆ. ಉತ್ತರಕ್ಕೆ ಉತ್ತರ ಬರಲೇ ಇಲ್ಲ. ಆದರೆ ಬರಬಹುದು ಎಂಬ ಭಯ ಎರಡು ತಿಂಗಳು ನನ್ನ ಜೊತೆಗಿತ್ತು.

ದಸರಾ ರಜೆ ಮುಗಿದ ಮೊದಲ ದಿನ ಹಾಜರಿ ಕೂಗಿದೆ. ಇಬ್ಬರು ಬಂದಿರಲಿಲ್ಲ. ಒಬ್ಬನ ಮನೆಯವರು ಮೂಡಿಗೆರೆ ಕಡೆಯ ಎಸ್ಟೇಟಿಗೆ ಹೋಗಿದ್ದರು. ಇನ್ನೊಬ್ಬಳಿಗಾಗಿ ಮೂರು ಸಲ ನಡೆದೆ. ಬರಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಉಳಿದವರೆಲ್ಲ ಇದ್ದರು. ಆ ಲೈನಿನ ಐವರೂ ಇದ್ದರು. ಹತ್ತೂವರೆಗೆ ಹೆಡ್ಮಾಸ್ಟರು ಕಿಟಕಿಯಲ್ಲಿ ಇಣುಕಿ, ತುಟಿ ಅಲ್ಲಾಡಿಸುತ್ತಾ ತಲೆ ಎಣಿಸಿದರು. “ಇದೆಂತ ಟೀಚರ್! ಪ್ರತಿ ವರ್ಷ ಈ ಹೊತ್ತಿಗೆ ಬಿ ಸೆಕ್ಷನ್ನಿನ ಬೆಂಚು ಎ ಸೆಕ್ಷನ್ನಿಗೆ ಸಾಗಿಸ್ತಿದ್ವಿ. ಈ ಸಲ ಎಲ್ಲಿಂದ ತರೂದು?”

“ಅದು ನಿಮ್ಮ ತಲೆಬಿಸಿ ಸಾರ್” ಎಂದೆ. ಅವರು ನಕ್ಕರು. ಪಕ್ಕದ ಪ್ರೈಮರಿಯಿಂದ ನಾಲ್ಕು ಬೆಂಚು ಅವರೇ ಕೇಳಿ ತಂದರು.

ದೀಪಾವಳಿ ಕಳೆದು ಬಿಸಿಲು ಬಿದ್ದ ಒಂದು ಶನಿವಾರ ಜಗಲಿಯಲ್ಲಿ ಹೊಲಿಗೆಯ ಕೆಲಸ ಇಟ್ಟುಕೊಂಡೆವು. ಸಾಬ್ರು ಕಾಫಿ ಚೀಲ ಹೊಲಿಯುವ ದಬ್ಬಣ ಎರಡು, ಸೆಣಬಿನ ದಾರದ ಉಂಡೆ ಒಂದು ಕೊಟ್ಟಿದ್ದರು. ಮಕ್ಕಳು ಹೊಲಿಗೆ ಬಿಚ್ಚಿ, ಜೋಡಿ ಹಾಳೆಗಳನ್ನು ನಡುವೆ ಕತ್ತರಿಸಿ, ಮೂಲೆಯ ಅಕ್ಷರ ನೋಡಿ ಗುಡ್ಡೆ ಹಾಕಿದರು. ಗಾಳಿ ಬೀಸಿ ಸಮಾಜ ವಿಜ್ಞಾನ ಅಂಗಳಕ್ಕೆ ಹಾರಿತು, ಓಡಿ ಹಿಡಿದರು. ಸಂಜೆಯೊಳಗೆ ಒಬ್ಬೊಬ್ಬರ ಮುಂದೆ ಆರಾರು ಪುಸ್ತಕ.

ಆ ಹುಡುಗಿ ಮಾತ್ರ ತನ್ನದನ್ನು ಮಡಿಲಲ್ಲಿಟ್ಟುಕೊಂಡು ಬೇರೆಯವರಿಗೆ ಹೊಲಿದು ಕೊಡುತ್ತಿದ್ದಳು.

“ನಿಂದು?”

“ನಂದು ಬಿಚ್ಚಲ್ಲ ಟೀಚರ್. ಬಿಚ್ಚಿದ್ರೆ ಯಾವ ದಿನ ಎಂತ ಆಯ್ತು ಅಂತ ಗೊತ್ತಾಗಲ್ಲ. ಪಾಠ ಬೇಕಾದ್ರೆ ಬೇರೆ ಪುಸ್ತಕಕ್ಕೆ ಬರ್ಕೊಳ್ತೀನಿ.”

ಬಿಚ್ಚು ಎಂದು ನಾನು ಬರೆದು ಕೊಟ್ಟಿದ್ದರೂ ಅವಳು ಬಿಚ್ಚುತ್ತಿರಲಿಲ್ಲ. ಕೊಡು ನೋಡೋಣ ಎಂದು ತಗೊಂಡೆ. ಕೆಂಪು ಸಾಲು ದಾಟಿ, ಬಾಯಿ ಹೊಲಿದ ಮೂಟೆ ದಾಟಿ, ತಪಾಸಣೆಯ ದಿನಕ್ಕೆ ಬಂದೆ. ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಮೂರನೇ ಬೆಲ್ಲು: ಇನ್‌ಸ್ಪೆಕ್ಟರು. ಗಣಿತ ಆಗಲಿಲ್ಲ. ಟೀಚರಿಗೆ ತುಂಬಾ ಬೈದರು. ಟೀಚರ್ ಹೆದರಲಿಲ್ಲ.”

ಹೆದರಿದ್ದೆ. ಮೇಜಿನ ಅಂಚು ಹಿಡಿದುಕೊಂಡೇ ನಿಂತಿದ್ದೆ. ಆರು ತಿಂಗಳಲ್ಲಿ ಆ ಪುಸ್ತಕದಲ್ಲಿ ನನಗೆ ಸಿಕ್ಕ ಒಂದೇ ಒಂದು ತಪ್ಪು ಅದು. ಕೆಂಪು ಪೆನ್ನು ಕೈಯಲ್ಲೇ ಇತ್ತು. ತಿದ್ದಲಿಲ್ಲ, ಕೆಳಗೆ ಸಹಿ ಹಾಕಿ ಪುಸ್ತಕ ಅವಳ ಕೈಗೆ ಕೊಟ್ಟೆ.